ಎರಡೂ ತುದಿ ಚೂಪಾದ ಆಯುಧ

ಕುಳಗೇರಿ ಕ್ರಾಸಿನ ಸೇನಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಕ್ರಮಸಂಖ್ಯೆ ನಲವತ್ತೇಳರ ವಸ್ತು ಆಯುಧವೆಂದು ದಾಖಲಾಗಿದೆ. ಗೇಣುದ್ದದ ಕಟ್ಟಿಗೆ, ಎರಡೂ ತುದಿಗೆ ಕಬ್ಬಿಣದ ಮೊನೆ, ನಡುವೆ ಟೊಳ್ಳು. ಟೊಳ್ಳಿನಲ್ಲಿ ವಿಷ ತುಂಬಿ ವೈರಿಯತ್ತ ಎಸೆಯುತ್ತಿದ್ದರೆಂದು ಫಲಕದಲ್ಲಿದೆ. ಫಲಕವನ್ನು ಟೆಂಡರ್ ಕರೆದು ಬರೆಸಿದ್ದರಿಂದ ಅದರಲ್ಲಿ ತಪ್ಪಿರುವ ಪ್ರಶ್ನೆಯೇ ಇಲ್ಲ.

ಇಳಕಲ್ಲಿನ ಮುಬಶೀರಾ ಬಿ.ಎ. ಕೊನೆಯ ವರ್ಷದ ಇಂಟರ್ನ್‌ಶಿಪ್ಪಿಗೆ ಅಲ್ಲಿಗೆ ಬಂದಳು. ನಲವತ್ತೈದು ದಿನ ಶಾಲೆಯ ಮಕ್ಕಳಿಗೆ ಆಯುಧಗಳನ್ನು ವಿವರಿಸಿದರೆ ಪ್ರಮಾಣಪತ್ರ. ಪ್ರಮಾಣಪತ್ರ ಇಲ್ಲದಿದ್ದರೆ ಡಿಗ್ರಿ ಇಲ್ಲ. ಮೊದಲ ದಿನವೇ ಅವಳು ನಲವತ್ತೇಳರ ಮುಂದೆ ನಿಂತು ನಕ್ಕುಬಿಟ್ಟಳು. ಇದು ನಿಯಮ ಹನ್ನೊಂದರ ಉಲ್ಲಂಘನೆ.

"ಸರ್, ಇದು ಲಾಳಿ ಐತ್ರಿ. ನಮ್ಮ ಅಮ್ಮೀ ದಿನಾ ಇದನ್ನ ಮಗ್ಗದಾಗ ಅತ್ತಿಂದಿತ್ತ ಒಗದು ಸೀರಿ ನೇಯ್ತಾಳ್ರಿ. ಒಳಗ ಹಾಕೂದು ವಿಷ ಅಲ್ರಿ, ನೂಲು ಸುತ್ತಿದ ಕಂಡಿಕಿ."

ಕ್ಯುರೇಟರ್ ಪ್ರವೀಣಕುಮಾರ ಸಜ್ಜನರು. ಬೈಯಲಿಲ್ಲ, ಗಾಬರಿಯಾದರು. "ಅಂದ್ರ ನಿಮ್ಮ ಮನ್ಯಾಗ ಇಂಥಾ ಆಯುಧ ಇನ್ನೂ ಒಂದೈತಿ?"

"ಆರು ಅದಾವ್ರಿ."

ಮೂರನೇ ದಿನ ತಜ್ಞರ ಸಮಿತಿ ಇಳಕಲ್ಲಿಗೆ ಹೊರಟಿತು. ಅಮೀನಗಡದಲ್ಲಿ ಕರದಂಟು ತಿನ್ನದೆ ಮುಂದೆ ಹೋದ ಸಮಿತಿ ಜಿಲ್ಲೆಯ ಇತಿಹಾಸದಲ್ಲೇ ಇಲ್ಲ, ಹಾಗಾಗಿ ಊರು ಮುಟ್ಟುವಾಗ ಮಧ್ಯಾಹ್ನ. ಮುಬಶೀರಾಳ ತಾಯಿ ಹಜರತಬಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತಿದ್ದಳು. ಸಮಿತಿ ಬರೆದುಕೊಂಡಿತು: "ಯೋಧರು ಕಂದಕದಲ್ಲಿ ಅರ್ಧ ದೇಹ ಮರೆಸಿಕೊಂಡು, ಕಾಲಿನಿಂದ ಯಂತ್ರ ತುಳಿಯುತ್ತ, ಕೈಯಿಂದ ಆಯುಧ ಎಸೆಯುವ ವ್ಯವಸ್ಥೆ. ಸೆರಗಿನ ಮೇಲೆ ಕೋಟೆಯ ನಕ್ಷೆ ಇದೆ."

ಮಗ್ಗವನ್ನು ಬಿಚ್ಚಿ ಟೆಂಪೋಗೆ ಹೇರಿದರು. ಕುಣಿಯನ್ನು ಹೇರಲು ಬಾರದ್ದರಿಂದ ಸುತ್ತ ಹಗ್ಗ ಕಟ್ಟಿ "ಸಂರಕ್ಷಿತ ಕಂದಕ" ಎಂದು ಬೋರ್ಡು ಹಾಕಿದರು.

"ಮಂದಿ ಹೇಳಿದ ಮದುವಿ ಸೀರಿರಿ, ಅರ್ಧಕ್ಕ ನಿಂತೈತಿ," ಹಜರತಬಿ ಸೆರಗು ಬಾಯಿಗೆ ಹಿಡಿದಳು. "ಮಗ್ಗ ಒಯ್ದರ ನಾ ಏನು ಮಾಡ್ಲಿ?"

"ಹತ್ತರಿಂದ ಐದರ ತನಕ ಬಂದು ನೋಡಬಹುದ್ರಿ. ಟಿಕೇಟು ಇಪ್ಪತ್ತು ರೂಪಾಯಿ. ಸೋಮವಾರ ರಜಾ," ಅಂದಿತು ಸಮಿತಿ.

ಮುಬಶೀರಾಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನಿಸಿತು. ಸುಮ್ಮನಿದ್ದವರಿಗೆ ಸುಖ ಅಂತ ಅಜ್ಜಿ ಹೇಳುತ್ತಿದ್ದುದು ಖರೆ. ಫಲಕ ತಿದ್ದಲು ಅರ್ಜಿ ಕೊಟ್ಟಳು. ಪ್ರಮಾಣಪತ್ರ ಪಡೆದವರ ಆಕ್ಷೇಪಣೆಯನ್ನು ಮಾತ್ರ ಪರಿಶೀಲಿಸಲಾಗುವುದು, ಆಕ್ಷೇಪಣೆ ಇರುವವರಿಗೆ ಪ್ರಮಾಣಪತ್ರ ಕೊಡಲಾಗದು ಎಂದು ಉತ್ತರ ಬಂತು. ಅಮ್ಮನ ಮಗ್ಗ ಹೋಗಿದೆ, ಇನ್ನು ಡಿಗ್ರಿಯೂ ಹೋದರೆ? ಅವಳು ಅರ್ಜಿ ಹಿಂತೆಗೆದುಕೊಂಡು ಮಕ್ಕಳಿಗೆ ವಿಷದ ಕಥೆ ಹೇಳತೊಡಗಿದಳು. ಚೆನ್ನಾಗಿಯೇ ಹೇಳಿದಳು.

ಹಜರತಬಿ ಟಿಕೇಟು ತೆಗೆಸಿ ಬಂದಳು. ಆದರೆ ವೀಕ್ಷಕರು ವಸ್ತುಗಳನ್ನು ಮುಟ್ಟುವಂತಿಲ್ಲ. ಒರೆಸುವ ಸಲುವಾಗಿ ಇಂಟರ್ನ್‌ಗಳು ಮುಟ್ಟಬಹುದು. ಆದ್ದರಿಂದ, ಓದಿದ್ದು ನಾಲ್ಕನೇ ಇಯತ್ತೆ ಮಾತ್ರ ಎಂಬ ಕೊರತೆಯನ್ನು ಮನ್ನಿಸಿ, ಹಜರತಬಿಯನ್ನು ಇಂಟರ್ನ್ ಆಗಿ ಸೇರಿಸಿಕೊಳ್ಳಲಾಯಿತು. ಮೇಲ್ವಿಚಾರಕಿ, ಇಪ್ಪತ್ತು ದಿನ ಹಿರಿಯಳಾದ ಮುಬಶೀರಾ.

ಗ್ಯಾಲರಿಯ ನೆಲ ಅಗೆದು ಕಂದಕ ಮಾಡಿ ಮಗ್ಗ ಕೂಡಿಸಿದರು. ಹಜರತಬಿ ಲಾಳಿ ಒಗೆದಾಗಲೆಲ್ಲ ಮಕ್ಕಳು "ಸತ್ತ!" ಎಂದು ಚಪ್ಪಾಳೆ ಹೊಡೆದರು. ಒಟ್ಟು ಹನ್ನೊಂದು ಸಾವಿರ ವೈರಿಗಳು ಬಿದ್ದ ಮೇಲೆ ಸೀರೆ ಮುಗಿಯಿತು. ಅದು "ವಿಜಯಧ್ವಜ, ಎಂಟು ಗಜ" ಎಂಬ ಗೇಟ್‌ಪಾಸಿನ ಮೇಲೆ ಹೊರಬಿತ್ತು. ಸೆರಗಿಗೆ ಸರಕಾರಿ ಮೊಹರು ಇರುವುದನ್ನು ಕಂಡು ಮದುವೆ ಮನೆಯ ಬೀಗರಿಗೆ ಭಾಳ ಸಂತೋಷವಾಯಿತು.

ಮುಬಶೀರಾಗೆ "ಅತ್ಯುತ್ತಮ" ಬಂತು, ಡಿಗ್ರಿಯೂ ಬಂತು. ನಲವತ್ತೇಳರ ತಜ್ಞೆ ಎಂದು ಅವಳನ್ನು ಅಲ್ಲೇ ಉಳಿಸಿಕೊಂಡರು. ಮೂವತ್ತೆರಡು ವರ್ಷ ನೇಯ್ದ ಹಜರತಬಿಯ ಪ್ರಮಾಣಪತ್ರದಲ್ಲಿ ಹೀಗಿತ್ತು: "ಯಂತ್ರದ ಪ್ರಾಥಮಿಕ ಪರಿಚಯವಿದೆ. ಇನ್ನಷ್ಟು ಅಭ್ಯಾಸ ಬೇಕು." ಕೆಳಗೆ ಮಗಳ ಸಹಿ.

ಹಜರತಬಿ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದಳು. ಆಮೇಲೆ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಇನ್ನೊಂದು ಮದುವಿ ಸೀರಿ ಹೇಳ್ಯಾರ. ಅಭ್ಯಾಸ ಬೇಕಂತ ನೀವ ಬರದೀರಿ. ನಾಳೆ ಎಷ್ಟಕ್ಕ ಬರ್ಲಿ, ಮೇಡಂ?"

ಮುಬಶೀರಾ ಹಾಜರಿ ಪುಸ್ತಕ ತೆರೆದಳು.

"ಹತ್ತಕ್ಕ ಬರ್ರಿ," ಅಂದಳು.