ಕಾರಿನ ಮೇಲೊಂದು ಇಲಾಖಾ ವಿಚಾರಣೆ

ನಮ್ಮ ಭಾವನವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು ಎಂದು ಸರ್ಕಾರ ಹೇಳುತ್ತದೆ. ನಾನು ಮಾತ್ರ ನಂಬುವುದಿಲ್ಲ. ಪಿಂಚಣಿ ಬರುತ್ತಿರುವುದು ನಿಜ, ಹಾರ ಹಾಕಿ ಕಳಿಸಿಕೊಟ್ಟ ಫೋಟೋ ಗೋಡೆಯ ಮೇಲಿರುವುದೂ ನಿಜ. ಆದರೆ ದೆಹಲಿಯ ಸಚಿವಾಲಯವೊಂದರಲ್ಲಿ ಇಲಾಖಾ ವಿಚಾರಣೆ ನಡೆಸುತ್ತಲೇ ತಲೆಗೂದಲು ಕಳೆದುಕೊಂಡ ಮನುಷ್ಯ ಅಷ್ಟು ಸುಲಭವಾಗಿ ನಿವೃತ್ತನಾಗುತ್ತಾನೆಯೇ? ಮೊದಲು ಅವರ ಮುಂದೆ ಗುಮಾಸ್ತರು ಕೈಕಟ್ಟಿ ನಿಲ್ಲುತ್ತಿದ್ದರು. ಈಗ ದ್ವಾರಕಾದ ಫ್ಲ್ಯಾಟಿನಲ್ಲಿ ಕುಕ್ಕರು, ಗೀಸರು, ಹಾಲಿನ ಪಾತ್ರೆ ನಿಲ್ಲುತ್ತವೆ, ಅಷ್ಟೇ ವ್ಯತ್ಯಾಸ!

ಒಮ್ಮೆ ಹಾಲು ಒಡೆಯಿತು. ನೀವಾದರೆ, ನಾನಾದರೆ ಏನು ಮಾಡುತ್ತೇವೆ? ಗೊಣಗಿಕೊಂಡು ಪನೀರು ಮಾಡುತ್ತೇವೆ. ಭಾವ ನನ್ನ ಅಕ್ಕನಿಗೆ ಪಾತ್ರೆ ಮುಟ್ಟಲೂ ಬಿಡಲಿಲ್ಲ. ಪ್ಯಾಕೆಟ್ಟಿನ ತಾರೀಖು, ಫ್ರಿಜ್ಜಿನ ತಂಪು, ಪಾತ್ರೆಯ ತಳ ಎಲ್ಲವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಹಾಲಿನ ಭಯ್ಯಾ ಸಾಕ್ಷಿಯಾಗಿ ಬಂದು, ಚಹಾ ಕುಡಿದು, ಹೇಳಿಕೆ ಕೊಟ್ಟು ಹೋದ. ಕೊನೆಗೆ ಪಾತ್ರೆಯಲ್ಲಿ ಮಜ್ಜಿಗೆಯ ಪಸೆ ಉಳಿದಿತ್ತೆಂದೂ, ಅದನ್ನು ಹಿಂದಿನ ದಿನ ತೊಳೆದವರು ಸ್ವತಃ ವಿಚಾರಣಾಧಿಕಾರಿಗಳೇ ಎಂದೂ ಸಾಬೀತಾಯಿತು. ಅದನ್ನೂ ಬರೆದು ಕೆಳಗೆ ಸಹಿ ಹಾಕಿದರು, ಪುಣ್ಯಾತ್ಮ!

ಹೋದ ಬೇಸಿಗೆಯಲ್ಲಿ ಇಂಥವರ ಕೈಗೆ ಅವರದೇ ಕಾರು ಸಿಕ್ಕಿಬಿತ್ತು.

ಅದಕ್ಕೆ ಕಾರಣ ನನ್ನ ಅಕ್ಕ. ಐವತ್ತೆಂಟನೆಯ ವಯಸ್ಸಿನಲ್ಲಿ ಅವಳು ಕಾರು ಓಡಿಸುವುದನ್ನು ಕಲಿತಿದ್ದಳು. ಆರು ತಿಂಗಳು ತಮ್ಮ ಫ್ಲ್ಯಾಟುಗಳ ಸೊಸೈಟಿಯನ್ನು ಪ್ರದಕ್ಷಿಣೆ ಹಾಕಿ, ತರಕಾರಿ ಅಂಗಡಿಯವರೆಗೆ ಹೋಗಿಬಂದು ಧೈರ್ಯ ಮಾಡಿಕೊಂಡಿದ್ದಳು. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಊಟ ಮಾಡಿ ಹೊರಟಾಗ, ನನ್ನನ್ನು ಮಯೂರ್ ವಿಹಾರದ ನನ್ನ ಮನೆಯವರೆಗೆ ತಾನೇ ಬಿಡುತ್ತೇನೆ ಎಂದಳು. ದೆಹಲಿಯನ್ನು ಈ ತುದಿಯಿಂದ ಆ ತುದಿಗೆ ದಾಟುವ ದಾರಿ! "ಮೆಟ್ರೋ ಇದೆಯಲ್ಲಕ್ಕ" ಅಂದೆ. "ಮೆಟ್ರೋ ದಿನಾ ಇರುತ್ತೆ ಕಣೋ. ಇವತ್ತು ನನ್ನ ಜೊತೆ ಬಾ" ಅಂದಳು. ಅವಳ ಮುಖದಲ್ಲಿದ್ದ ಹುರುಪು ನೋಡಿ ಸುಮ್ಮನೆ ಹಿಂದೆ ಹತ್ತಿ ಕೂತೆ. ಭಾವ ಮುಂದೆ ಕೂತರು.

ಒಂದು ಫ್ಲೈಓವರಿನ ನಟ್ಟನಡುವೆ ಎಂಜಿನ್ ಪಕ್ಕನೆ ನಿಂತಿತು. ಹಿಂದೆ ಹಾರ್ನುಗಳ ಜಾತ್ರೆ! ಪಕ್ಕದ ಕಾರಿನವನೊಬ್ಬ ಗಾಜು ಇಳಿಸಿ, "ಆಂಟೀಜೀ, ಘರ್ ಜಾಕೇ ರೋಟಿ ಬನಾಓ!" ಎಂದು, ಮನೆಗೆ ಹೋಗಿ ರೊಟ್ಟಿ ಮಾಡಿಕೊಂಡಿರಿ ಅನ್ನುವ ಹಾಗೆ, ಕೂಗಿ ಹೋದ. ಅವನು ಯಾರೋ, ಹೋಗಲಿ. ನಾನು ಏನು ಮಾಡಿದೆ ಗೊತ್ತೇ? "ಏನಕ್ಕಾ, ಕ್ಲಚ್ ಬಿಟ್ಯಾ?" ಎಂದು ನಕ್ಕೆ. ಅಕ್ಕ ತಿರುಗಿ ನೋಡಲಿಲ್ಲ. ಅರ್ಧ ಗಂಟೆಯ ಮೇಲೆ ಕಾರು ತಾನಾಗಿ ಎದ್ದಿತು. ಭಾವನೇ ಅದನ್ನು ತಿರುಗಿಸಿ ದ್ವಾರಕಾದ ಮನೆಗೆ ಓಡಿಸಿದರು. ಅಕ್ಕ ಲೈಸೆನ್ಸನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿ, "ನನ್ನ ಕೈಲಾಗಲ್ಲ ರೀ. ಇನ್ನು ಮುಟ್ಟಲ್ಲ" ಎಂದುಬಿಟ್ಟಳು.

"ವಿಚಾರಣೆನೇ ಆಗಿಲ್ಲ, ಶಿಕ್ಷೆ ಹೇಗೆ?" ಎಂದರು ಭಾವ.

ಮರುದಿನವೇ ಕಾರಿನ ಹೆಸರಿನಲ್ಲಿ ಹೊಸ ಫೈಲು ತೆರೆಯಿತು. ಮೊದಲನೆಯ ಸಾಕ್ಷಿ ಮಾರ್ಕೆಟ್ಟಿನ ಮೆಕ್ಯಾನಿಕ್. ಅವನು ಬಾನೆಟ್ಟನ್ನು ಎತ್ತದೆಯೇ, "ಮೇಡಂ ಕಾ ಕ್ಲಚ್ ಹೈ, ಸಾಬ್" ಎಂದು, ತಪ್ಪೆಲ್ಲ ಮೇಡಂ ಕ್ಲಚ್ ಬಿಟ್ಟದ್ದರದೇ ಎಂಬಂತೆ, ತೀರ್ಪು ಕೊಟ್ಟ.

"ಸಬೂತ್ ಕ್ಯಾ ಹೈ?" ಎಂದು ಪುರಾವೆ ಕೇಳಿ ಭಾವ ಪೆನ್ನು ತೆರೆದರು.

ಸ್ಪ್ಯಾನರ್ ಹಿಡಿದವನನ್ನು ಅವನ ಜೀವಮಾನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಪಾಪ, ಅವನು ಎರಡನೆಯ ಸಲ ಇವರನ್ನು ಕಂಡಾಗ ಶಟರ್ ಎಳೆದುಕೊಂಡ!

ಆಮೇಲೆ ಶುರುವಾಯಿತು ನೋಡಿ. ಸ್ಪಾರ್ಕ್ ಪ್ಲಗ್ಗುಗಳು ಅಮಾನತಾದವು. ಬ್ಯಾಟರಿಯ ಮೇಲೆ ದೋಷಾರೋಪ ಬಂತು. ಪೆಟ್ರೋಲ್ ಪಂಪು ಹೊರಬಂದು, ನಿರ್ದೋಷಿ ಎನಿಸಿಕೊಂಡು, ಮರ್ಯಾದೆಯಿಂದ ಸ್ವಸ್ಥಾನಕ್ಕೆ ಮರಳಿತು. ಭಾವ ದಿನಾ ಕಾರನ್ನು ಓಡಿಸಿ, ನಿಂತ ಹೊತ್ತು, ನಿಂತ ಜಾಗ, ಆ ದಿನದ ಬಿಸಿಲು ಎಲ್ಲವನ್ನೂ ಬರೆದಿಟ್ಟರು. ಬೆಳಿಗ್ಗೆ ಅದು ಸಾಧುಪ್ರಾಣಿ. ಮಧ್ಯಾಹ್ನ ಮುಕ್ಕಾಲು ಗಂಟೆ ಓಡಿತೋ, ಢಮಾರ್! ಸೊಸೈಟಿಯ ಗಾರ್ಡುಗಳಿಗೆ ಅದನ್ನು ತಳ್ಳಿ ತಳ್ಳಿ ತೋಳು ಗಟ್ಟಿಯಾಯಿತು. "ಮಾರಿಬಿಡಿ ಭಾವ" ಅಂದೆ. "ಮಾರಿದರೆ ಕಾರು ಹೋಗುತ್ತೆ ಕಣಯ್ಯ, ಆರೋಪ ಇವಳ ಮೇಲೆ ಹಾಗೇ ಉಳಿಯುತ್ತೆ" ಅಂದರು. ಒಳಗಿನಿಂದ ಅಕ್ಕ, "ತಪ್ಪು ನಂದೇ ಅಂತ ಒಪ್ಕೊಂಡಿದೀನಲ್ಲ, ಬಿಡೀಂದ್ರೆ!" ಎಂದು ಕೂಗಿದಳು. ಒತ್ತಡದಲ್ಲಿ ಕೊಟ್ಟ ತಪ್ಪೊಪ್ಪಿಗೆ ಸಿಂಧುವಲ್ಲ ಎಂದು ಭಾವ ಅದನ್ನೂ ಫೈಲಿಗೆ ಸೇರಿಸಿದರು.

ಕೊನೆಗೆ ಸಿಕ್ಕಿದವಳು ಅದೇ ಸೊಸೈಟಿಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಹುಡುಗಿ. ಮಾನೇಸರಿನ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರು. ಭಾನುವಾರ ಬಂದು, ಸ್ಕ್ಯಾನರ್ ಜೋಡಿಸಿ, ಎಂಜಿನ್ ನಿಲ್ಲುವ ತನಕ ತಾಳ್ಮೆಯಿಂದ ಕಾದಳು. ನಿಂತ ಮೇಲೆ ಸ್ಕ್ಯಾನರಿನಿಂದ ಏನು ಕೇಳಿದರೂ ಕಾರು ಉತ್ತರವನ್ನೇ ಕೊಡಲಿಲ್ಲ.

"ಎಂಜಿನ್ನಿಂದೇನೂ ತಪ್ಪಿಲ್ರಿ ಅಂಕಲ್. ಎಂಜಿನ್ನಿಗೆ ಹುಕುಂ ಕೊಡೋ ಕಂಪ್ಯೂಟರ್ ಐತಲ್ಲ, ಅದು ಕೈಕೊಡಾಕತ್ತೈತಿ. ಒಳಗೆಲ್ಲೋ ಬೆಸುಗಿ ಸೀಳಿರಬೇಕು. ಬಿಸಿಗೆ ಬಿಡತೈತಿ, ತಣ್ಣಗಾದ್ರ ಕೂಡತೈತಿ."

"ಸಾಬೀತು ಮಾಡಬಹುದೇನಮ್ಮ?"

"ಮನ್ಯಾಗ ಐಸ್ ಐತೇನ್ರಿ?"

ಐಸ್ ಇರಲಿಲ್ಲ. ಫ್ರೀಜರಿನಲ್ಲಿ ಹಸಿ ಬಟಾಣಿಯ ದೊಡ್ಡ ಪ್ಯಾಕೆಟ್ ಇತ್ತು. ಡ್ಯಾಶ್‌ಬೋರ್ಡಿನ ಕೆಳಗಿದ್ದ ಆ ಚಪ್ಪಟೆ ಪೆಟ್ಟಿಗೆಗೆ ಭಾವ, ಜ್ವರದ ಮಗುವಿನ ಹಣೆಗೆ ಒತ್ತುವ ಹಾಗೆ, ಬಟಾಣಿ ಒತ್ತಿ ಹಿಡಿದು ಕೂತರು. ಐದು ನಿಮಿಷಕ್ಕೆ ಕಾರು ಎದ್ದಿತು! ಇನ್ನೊಬ್ಬರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ನಮ್ಮವರು ಕಾರನ್ನು ಮತ್ತೆ ಬಿಸಿ ಮಾಡಿ, ಮತ್ತೆ ನಿಲ್ಲಿಸಿ, ಮತ್ತೆ ಬಟಾಣಿ ಒತ್ತಿ, ಹೀಗೆ ಮೂರು ಸಲ ಮಾಡಿಸಿದರು. ಆ ರಾತ್ರಿಯ ಮಟರ್ ಪನೀರಿನಲ್ಲಿ ಬಟಾಣಿ ಹಿಟ್ಟಾಗಿತ್ತು.

ಮಾಯಾಪುರಿಯ ಗುಜರಿ ಸಂತೆಯಿಂದ ಅದೇ ಮಾದರಿಯ ಇನ್ನೊಂದು ಕಂಪ್ಯೂಟರ್ ಬಂತು. ಹುಡುಗಿ ಬರುವ ತನಕ ಕಾಯಲಾರದೆ ಭಾವ ತಾವೇ ಜೋಡಿಸಿದರು. ಕೀ ತಿರುಗಿಸಿದರೆ ಕಾರು ಕೆಮ್ಮಿತೇ ಹೊರತು ಹೊರಡಲಿಲ್ಲ. ಹುಡುಗಿ ಬಂದು ನಕ್ಕಳು: "ಇದಕ್ಕ ನಿಮ್ಮ ಕೀ ಗುರ್ತ ಇಲ್ರಿ. ಕಳ್ಳರು ಅನ್ಕೊಂಡೈತಿ. ಹಳೇದರೊಳಗಿನ ಮಾಹಿತಿ ತೆಗದು ಇದಕ್ಕ ತುಂಬಬೇಕು. ಎಲ್ಲೈತ್ರಿ ಹಳೇದು?"

ಭಾವ ಬೆವರಿದರು. ಹಳೆಯದು ಬೀರುವಿನಲ್ಲಿತ್ತು. ಎಲ್ಲರ ಮನೆಯಲ್ಲಿ ಇರುವ ಹಾಗಲ್ಲ! ಬಿಳಿ ಬಟ್ಟೆಯಲ್ಲಿ ಹೊಲಿದು, ದಾರ ಸುತ್ತಿ, ನಾಲ್ಕು ಕಡೆ ಅರಗಿನ ಮುದ್ರೆ ಒತ್ತಿ, ಮುಖ್ಯ ಸಾಕ್ಷ್ಯ ಎಂದು ಬರೆದು ಭದ್ರ ಮಾಡಿದ್ದರು.

"ಒಡೀರಿ ಮತ್ತ" ಎಂದಳು ಹುಡುಗಿ.

"ಹಾಗೆಲ್ಲ ಒಡೆಯೋಕ್ಕಾಗಲ್ಲಮ್ಮ. ಇಬ್ಬರು ಸಾಕ್ಷಿ ಸಹಿ ಹಾಕಬೇಕು."

ನಾನು ಸಹಿ ಹಾಕಿದೆ. ಅಕ್ಕ ಹಣೆ ಚಚ್ಚಿಕೊಂಡು ಸಹಿ ಹಾಕಿ, ಕುಟ್ಟಾಣಿಯಿಂದ ಅರಗು ಒಡೆದಳು. ಹುಡುಗಿ ಲ್ಯಾಪ್‌ಟಾಪಿನ ಮುಂದೆ ಒಂದು ಗಂಟೆ ಕೂತು, ಹಳೆಯದರ ನೆನಪನ್ನೆಲ್ಲ ಹೊಸದಕ್ಕೆ ಹೇಳಿಕೊಟ್ಟಳು. ಕೀ ತಿರುಗಿತು, ಕಾರು ಹೊರಟಿತು. ಸುಡುವ ಬಿಸಿಲಿನಲ್ಲಿ ಎರಡು ಗಂಟೆ ಓಡಿಸಿದರೂ ನಿಲ್ಲಲಿಲ್ಲ.

ಸಂಜೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹದಿನೇಳು ಪುಟದ ವರದಿಯನ್ನು ಓದಿದರು. ನಮಗೆ ನಗು ತಡೆಯಲಾಗುತ್ತಿರಲಿಲ್ಲ. ಕೊನೆಯ ಸಾಲು ಹೀಗಿತ್ತು: "ಚಾಲಕಿಯ ಮೇಲಿನ ಆರೋಪಕ್ಕೆ ಯಾವ ಆಧಾರವೂ ಇಲ್ಲ. ಅವರನ್ನು ಗೌರವಪೂರ್ವಕವಾಗಿ ಮುಕ್ತಗೊಳಿಸಲಾಗಿದೆ." ಅದನ್ನು ಅವರು ಎದ್ದು ನಿಂತು, ಅಕ್ಕನ ಕಡೆ ತಿರುಗಿ ಓದಿದರು. ನನ್ನ ನಗು ಎಲ್ಲಿ ಹೋಯಿತೋ! ಅಕ್ಕ ಎದ್ದು ಹೋಗಿ ಸೀರೆಗಳ ಅಡಿಯಿಂದ ಲೈಸೆನ್ಸ್ ತೆಗೆದಳು.

ಮುಂದಿನ ಭಾನುವಾರ ಮಯೂರ್ ವಿಹಾರಕ್ಕೆ ಅವಳೇ ಓಡಿಸಿದಳು. ಅದೇ ಫ್ಲೈಓವರು ಬಂತು, ಹೋಯಿತು. ಮೂವರೂ ಉಸಿರು ಬಿಟ್ಟೆವು. ನನ್ನ ಮನೆಗೆ ಇನ್ನೊಂದೇ ಸಿಗ್ನಲ್ ಇತ್ತು. ಹಸಿರು ದೀಪ ಬಂದದ್ದೇ ಕಾರು ಒಮ್ಮೆ ಮುಗ್ಗರಿಸಿ ನಿಂತುಬಿಟ್ಟಿತು. ಹಿಂದೆ ಹಾರ್ನುಗಳು ಶುರುವಾದವು. ನಾನು ಬಾಯಿ ಬಿಗಿದು ಕೂತಿದ್ದೆ.

ಕಟ್ಟುನಿಟ್ಟಿನ ಆ ಮನುಷ್ಯ, ತಾವೇ ತೊಳೆದ ಪಾತ್ರೆಯ ಮಜ್ಜಿಗೆ ಪಸೆಯನ್ನೂ ಮುಚ್ಚಿಡದವರು, ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು: "ಕಂಪ್ಯೂಟರ್ ಹೊಸದು. ಇನ್ನೂ ಪಳಗಿಲ್ಲ ಅನ್ಸುತ್ತೆ."

ಅಕ್ಕ ಅವರನ್ನೇ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಹಾರ್ನುಗಳೆಲ್ಲ ಮುಚ್ಚಿಹೋಗುವಷ್ಟು ಜೋರಾಗಿ.

"ಸುಮ್ನಿರಿ ರೀ. ಈ ಸಲ ನಾನೇ. ಕ್ಲಚ್ ಬೇಗ ಬಿಟ್ಟೆ" ಎಂದು ಕೀ ತಿರುಗಿಸಿದಳು.