ಹರಳೆಣ್ಣೆ ಕುಡಿದ ಗಾಡಿ

ಗುಂಡ್ಲುಪೇಟೆಯ ಸಿದ್ದಮಲ್ಲಪ್ಪನವರಿಗೆ ಒಂದು ಘನವಾದ ಯೋಚನೆ ಬಂತು. ಅವರಿಗೆ ಘನವಾದ ಯೋಚನೆ ಬಂದಾಗಲೆಲ್ಲ ಮನೆಯಲ್ಲಿ ಏನಾದರೊಂದು ಕೆಡುವುದು ವಾಡಿಕೆ. (ಹೋದ ಸಲ ನೀರೊಲೆಯನ್ನು ಉದ್ಧಾರ ಮಾಡಲು ಹೋಗಿ ಬಚ್ಚಲಮನೆಯ ಗೋಡೆ ಬಿದ್ದಿತ್ತು.) ಈ ಸಲದ ಯೋಚನೆ ಏನೆಂದರೆ, ಕೊಟ್ಟಿಗೆಯಲ್ಲಿ ಎರಡು ವರ್ಷದಿಂದ ಸೌದೆ ಹೊತ್ತು ನಿಂತಿದ್ದ ಜಟಕಾ ಗಾಡಿಗೆ ತಾವೇ, ಸ್ವಹಸ್ತದಿಂದ, ಬಣ್ಣ ಹೊಡೆಯುವುದು.

ಬಣ್ಣದ ಹಿಂದೆ ಇದ್ದದ್ದು ಕುದುರೆ. ಚೆಲುವ ಎಂಬ ಆ ಕಂದು ಕುದುರೆ ಒಂಬತ್ತು ವರ್ಷ ಅವರ ವೀಳ್ಯದೆಲೆಯ ಪೆಂಡಿಗಳನ್ನು ತೆರಕಣಾಂಬಿ ಸಂತೆಗೆ ಎಳೆದಿತ್ತು. ಆಮೇಲೆ ಊರಿಗೆ ಟೆಂಪೋಗಳು ಬಂದವು, ಎಲೆಯೂ ಟೆಂಪೋ ಹತ್ತಿತು. ಸಿದ್ದಮಲ್ಲಪ್ಪ ಕುದುರೆಯನ್ನು ಭೀಮನಬೀಡಿನ ಮರಿಮಲ್ಲಪ್ಪನಿಗೆ ಮಾರಿದರು. ಮಾರಿದ ದಿನ ಅವರು ಅಳಲಿಲ್ಲ, ಎಲೆಗೆ ಹಚ್ಚುವಾಗ ಸುಣ್ಣ ಕಣ್ಣಿಗೆ ಬಿತ್ತು ಎಂದರು. ಆ ಸುಣ್ಣ ಎರಡು ವರ್ಷವಾದರೂ ಕಣ್ಣಿನಿಂದ ಹೋಗಿರಲಿಲ್ಲ. ಬೀದಿಯಲ್ಲಿ ಯಾವ ಗೊರಸಿನ ಸದ್ದು ಕೇಳಿದರೂ ಉಣ್ಣುವ ತಟ್ಟೆ ಬಿಟ್ಟು ಬಾಗಿಲಿಗೆ ಬಂದುಬಿಡುತ್ತಿದ್ದರು.

ಇನ್ನೊಂದು ದುಃಖವೂ ಇತ್ತು. ಕುದುರೆ ಇದ್ದಾಗ ದಿನಾ ಅದಕ್ಕೆ ಹುರುಳಿ ಬೇಯುತ್ತಿತ್ತು, ಬೇಯಿಸಿದ ಕಟ್ಟಿನಲ್ಲಿ ಮನೆಯವರಿಗೆ ಸಾರು ಆಗುತ್ತಿತ್ತು. ಕುದುರೆ ಹೋದ ದಿನ ಅವರ ಹೆಂಡತಿ ಗುರುಮಲ್ಲಮ್ಮ ಹುರುಳಿ ಬೇಯಿಸುವ ಮಡಕೆಯನ್ನು ಅಟ್ಟಕ್ಕೆ ಏರಿಸಿದವರು ಇಳಿಸಲೇ ಇಲ್ಲ. ಕೇಳಿದರೆ, "ಎರಡು ಬಾಯ್ಗೆ ಯಾರು ಹುಳ್ಳಿ ಬೇಯುಸ್ತಾರೆ ಬುಡಿ" ಎಂದು ಬೇಳೆ ಸಾರು ಬಡಿಸುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಮರಿಮಲ್ಲಪ್ಪ ಸಿಕ್ಕಿದ.

"ನಾನೂ ಟೆಂಪೋ ತಕ್ಕಂಡೆ ಕಣ್ಲಾ ಸಿದ್ದ. ಕುದ್ರೆ ನೀನೇ ಇಟ್ಕೊಳದಾದ್ರೆ ಇಟ್ಕೊ. ಬರೋ ಭಾನುವಾರ ಹಿಡ್ಕೊಂಡು ಬತ್ತೀನಿ. ನಿಂಗೆ ಬ್ಯಾಡಾಂದ್ರೆ ಸೋಮವಾರ ಊಟಿಯೋರು ಸವಾರಿಗೆ ಒಡ್ಕೊಂಡು ಓಯ್ತಾರೆ."

ಊಟಿಯ ಚಳಿಯಲ್ಲಿ, ಯಾರ್ಯಾರದೋ ಮಕ್ಕಳನ್ನು ಹೊತ್ತು ಕೆರೆ ಸುತ್ತುವ ಚೆಲುವನನ್ನು ನೆನೆದು ಸಿದ್ದಮಲ್ಲಪ್ಪನವರು ಬಂದ ಕೆಲಸ ಬಿಟ್ಟು ಹಿಂದಿರುಗಿದರು. ಮನೆಗೆ ಬಂದು ಹೆಂಡತಿಯ ಮುಂದೆ ವಿಷಯ ಮಂಡಿಸಿದರು.

"ಕುದ್ರೆಗೆ ಗಾಡಿ ಎಲ್ಲೈತೆ?" ಎಂದರು ಗುರುಮಲ್ಲಮ್ಮ. "ಅದು ಸೌದೆಗೂ ಲಾಯಕ್ಕಿಲ್ಲ."

"ಬಣ್ಣ ಹೊಡೆದ್ರೆ ಮದ್ವೆ ಗಾಡಿ ಆಯ್ತದೆ ಕಣಮ್ಮಿ."

"ಆಗ್ಲಿ. ಭಾನುವಾರ ಕುದ್ರೆ ಬರೋ ಒತ್ಗೆ ನಾನು ಹೊಸ ಸೀರೆ ಉಟ್ಕೊಂಡು ಆ ಗಾಡೀಲಿ ಕೂತ್ಕೊತೀನಿ. ಸೀರೆಗೆ ಒಂದು ಚುಕ್ಕೆ ಹತ್ತಲಿಲ್ಲ ಅಂದ್ರೆ ಕುದ್ರೆ ಇರ್ಲಿ. ಹತ್ತುದ್ರೆ ಊಟಿಗೋಗ್ಲಿ."

ಒಪ್ಪಂದವಾಯಿತು, ಮರಿಮಲ್ಲಪ್ಪನಿಗೂ ಸುದ್ದಿ ಮುಟ್ಟಿತು. ಗಾಡಿಗೆ ಬಣ್ಣ ಹೊಡೆಯುತ್ತಿದ್ದ ಪುಟ್ಟಮಾದು ಈಗ ಲಾರಿಗಳ ಬೆನ್ನಿಗೆ ಬರೆಯುವುದರಲ್ಲಿ ಮುಳುಗಿದ್ದ, ಹದಿನೈದು ದಿನ ಬಿಡುವಿಲ್ಲ ಎಂದ. "ನಿನ್ನ ಕೈಯೇ ಕೈ, ನಮ್ಮದೇನು ಸೌಟೇ?" ಎಂದು ಸಿದ್ದಮಲ್ಲಪ್ಪ ನೇರ ಅಂಗಡಿಗೆ ಹೋಗಿ ಹಸಿರು ಪೇಂಟಿನ ಡಬ್ಬ ಕೊಂಡರು. ತೆಳ್ಳಗೆ ಮಾಡಲು ಟರ್ಪೆಂಟೈನ್ ಬೇಡವೇ ಎಂದು ಅಂಗಡಿಯವನು ಕೇಳಿದ.

"ಎಣ್ಣೆ ಮನೇಲೈತೆ" ಎಂದರು ಇವರು. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ಇರಬೇಕು ಎಂದುಕೊಂಡು ಅವನು ಡಬ್ಬ ಕಟ್ಟಿಕೊಟ್ಟ.

ಮನೆಯಲ್ಲಿದ್ದದ್ದು ಹರಳೆಣ್ಣೆ. ಗಾಡಿಯ ಅಚ್ಚಿಗೆ ಹರಳೆಣ್ಣೆ, ಕುದುರೆಯ ಗೊರಸಿಗೆ ಹರಳೆಣ್ಣೆ, ಯಜಮಾನರ ನೆತ್ತಿಗೂ ಹರಳೆಣ್ಣೆ. ಇಷ್ಟೆಲ್ಲವನ್ನು ಕಾಪಾಡಿದ ಎಣ್ಣೆ ಬಣ್ಣವನ್ನು ಕೈಬಿಟ್ಟೀತೇ ಎಂಬುದು ಅವರ ತರ್ಕ. ಡಬ್ಬಕ್ಕೆ ಧಾರಾಳವಾಗಿ ಸುರಿದು, ಕದಡಿ, ಹಳೆಯ ನೆನಪುಗಳನ್ನೆಲ್ಲ ಮೆಲುಕು ಹಾಕುತ್ತ ಹೊಡೆದರು. ಚೆಲುವ ಪಕ್ಕೆ ಉಜ್ಜಿಕೊಳ್ಳುತ್ತಿದ್ದ ಮೂಕಿಮರದ ಸವೆದ ಜಾಗಕ್ಕೆ ಮಾತ್ರ ಬಣ್ಣ ಹೊಡೆಯಲು ಕೈ ಬರಲಿಲ್ಲ, ಹಾಗೇ ಬಿಟ್ಟರು. ಸಂಜೆಗೆ ಗಾಡಿ ಎಳೇ ವೀಳ್ಯದೆಲೆಯ ಹಾಗೆ ಹೊಳೆಯಿತು.

ಹೊಳೆಯಿತು, ಒಣಗಲಿಲ್ಲ. ಹರಳೆಣ್ಣೆ ಒಣಗುವ ಜಾತಿಯದಲ್ಲ ಎಂಬುದು ಪುಟ್ಟಮಾದುವಿಗೆ ಗೊತ್ತಿದ್ದ ವಿದ್ಯೆ. ಮಂಗಳವಾರ ಬೆಳಗ್ಗೆ ಗುರುಮಲ್ಲಮ್ಮ ಗಾಡಿಗೆ ಒಂದು ಬೆರಳು ಒತ್ತಿ, ಆ ಬೆರಳನ್ನು ಬಾಗಿಲ ಪಕ್ಕದ ಸುಣ್ಣದ ಗೋಡೆಗೆ ಒರೆಸಿದರು. ಬುಧವಾರವೂ ಒರೆಸಿದರು. ಶನಿವಾರಕ್ಕೆ ಗೋಡೆಯ ಮೇಲೆ ಐದು ಹಸಿರು ಗುರುತುಗಳಾದವು. ಸಿದ್ದಮಲ್ಲಪ್ಪನವರು ಗಾಡಿಯನ್ನು ಅಂಗಳದ ಬಿಸಿಲಿಗೆ ಎಳೆದರು, ಬೀಸಣಿಗೆ ಹಿಡಿದು ಬೀಸಿದರು, ಗೋಪಾಲಸ್ವಾಮಿಗೂ ಮಾದಪ್ಪನಿಗೂ ಒಟ್ಟಿಗೇ ಹರಕೆ ಹೊತ್ತರು. ಕೊನೆಗೆ ಶನಿವಾರ ಸಂಜೆ ಹೆಂಡತಿ ಅಡುಗೆಮನೆಯಲ್ಲಿದ್ದಾಗ ಒಲೆಯ ಬೂದಿ ತಂದು, ಜರಡಿ ಹಿಡಿದು, ಗಾಡಿಯ ಮೇಲೆಲ್ಲ ಉದುರಿಸಿ ಮೆತ್ತಗೆ ಒರೆಸಿದರು. ಅಂಟು ಮಾಯವಾಯಿತು. ಯಾಕೋ ಅವರಿಗೆ ನಾಚಿಕೆಯಾಯಿತು, ಆದರೂ ಚೆಲುವನಿಗಾಗಿ ಇಷ್ಟು ಸುಳ್ಳು ಹೇಳಬಹುದು ಅನ್ನಿಸಿತು.

ಭಾನುವಾರ ಬೆಳಗ್ಗೆ ಹೆಂಡತಿಗೆ ನಂಬಿಕೆ ಬರಲೆಂದು ತಾವೇ ಮೊದಲು ಗಾಡಿ ಹತ್ತಿ, ಬೀದಿಗೆ ಮುಖ ಮಾಡಿ, ಮುಂದಿನ ಹಲಗೆಯ ಮೇಲೆ ದೊರೆಯಂತೆ ಕೂತರು. ಬಿಸಿಲೇರಿತು. ಕೂತವರ ಭಾರಕ್ಕೆ, ಮೈಕಾವಿಗೆ, ಬೂದಿಯ ಕೆಳಗಿನ ಬಣ್ಣ ನಿಧಾನವಾಗಿ ಎಚ್ಚರವಾಯಿತು.

ಅಷ್ಟರಲ್ಲಿ ಗೊರಸಿನ ಸದ್ದು. ಮರಿಮಲ್ಲಪ್ಪನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಚೆಲುವ. ಈ ಗಳಿಗೆಗೆ ಸಿದ್ದಮಲ್ಲಪ್ಪನವರು ಎರಡು ವರ್ಷ ಕಾದಿದ್ದರು. ಓಡಿಹೋಗಿ ಅದರ ಕುತ್ತಿಗೆ ತಬ್ಬಬೇಕು ಎಂದು ಏಳಲು ಹೋದರು. ಅವರು ಎದ್ದರು, ಪಂಚೆ ಏಳಲಿಲ್ಲ. ಮರ್ಯಾದಸ್ಥರು ತಕ್ಷಣ ಮತ್ತೆ ಕೂತರು.

"ಬಾರೋ ಚೆಲುವಾ, ಬಾ ನನ್ನಪ್ಪಾ" ಎಂದು ಕೂತಲ್ಲಿಂದಲೇ ಕೈ ಚಾಚಿದರು.

ಚೆಲುವ ಹತ್ತಿರ ಬಂದ. ಪೇಂಟು ಮೆತ್ತಿದ ಆ ಕೈಯನ್ನು ಮೂಸಿ, ಜೋರಾಗಿ ಸೀನಿ, ಹಗ್ಗ ಕಿತ್ತುಕೊಂಡು, ಗಾಡಿಯನ್ನೂ ಯಜಮಾನರನ್ನೂ ದಾಟಿ ಅಂಗಳದ ಹಿಂದಕ್ಕೆ ನಡೆದುಬಿಟ್ಟ. ಸಿದ್ದಮಲ್ಲಪ್ಪ ಕುತ್ತಿಗೆ ತಿರುಗಿಸಿ ನೋಡಿದರು. ಹಿತ್ತಿಲ ಬಾಗಿಲಲ್ಲಿ ಗುರುಮಲ್ಲಮ್ಮ ಹಳೆಯ ಸೀರೆಯಲ್ಲೇ ನಿಂತಿದ್ದರು. ಕೈಯಲ್ಲಿ ಹಬೆಯಾಡುವ ಹುರುಳಿಯ ಬಕೆಟ್. ಕುದುರೆ ಬಕೆಟ್ಟಿಗೆ ಮುಖ ಹಾಕಿತು, ಅವರು ಅದರ ಕುತ್ತಿಗೆಗೆ ಕೆನ್ನೆ ಒತ್ತಿ, ಸುಣ್ಣದ ನೆಪ ಹೇಳದೆ ಅತ್ತರು.

"ಎಷ್ಟು ಬಡವಾಗ್ಬುಟ್ಯಪ್ಪಾ."

ಮರಿಮಲ್ಲಪ್ಪ ಗಾಡಿಗೆ ಬೆರಳಿಟ್ಟು ನೋಡಿ, "ಇದು ಒಣಗಿಲ್ವಲ್ಲವ್ವಾ. ಊಟಿಯೋರ್ಗೆ ಏನೇಳನ?" ಎಂದ.

"ಗಾಡಿ ಸುದ್ದಿ ಯಾಕಣ್ಣ ಈಗ? ಕುದ್ರೆ ಕಟ್ಟಾಕು."

"ಹುಳ್ಳಿ ಯಾವಾಗ ನೆನೆಯಾಕ್ದೆ?" ಎಂದು ಸಿದ್ದಮಲ್ಲಪ್ಪ ಗಾಡಿಯಿಂದಲೇ ಕೇಳಿದರು.

"ನೆನ್ನೆ ಸಂಜೆ. ನೀವು ಕದ್ದು ಬೂದಿ ಉದುರುಸ್ತಿದ್ರಲ್ಲ, ಆಗ." ಗುರುಮಲ್ಲಮ್ಮ ಕಣ್ಣೊರೆಸಿಕೊಂಡರು. "ಕಟ್ಟಿನ ಸಾರೂ ಐತೆ. ಇಳ್ದು ಬನ್ನಿ, ಉಣ್ಣೋರಂತೆ."

ಇಳಿಯುವುದು ಎಲ್ಲಿ ಬಂತು? ಮರಿಮಲ್ಲಪ್ಪ ಸೀಮೆಎಣ್ಣೆ ತರಲು ಹೋದ. ಅವನು ಬರುವ ತನಕ ಸಿದ್ದಮಲ್ಲಪ್ಪನವರು ಎರಡು ವರ್ಷ ಹಂಬಲಿಸಿದ್ದ ಸಾರನ್ನು ಗಾಡಿಯ ಮೇಲೆಯೇ, ಕುದುರೆಗೆ ಬೆನ್ನು ಹಾಕಿಕೊಂಡು, ಅದು ಹುರುಳಿ ಅಗಿಯುವ ಸದ್ದನ್ನು ಕೇಳುತ್ತ ಉಂಡರು.