ಖಾನಾಪುರದ ಭಟ್ಟಿಯೂ ನನ್ನ ಓಟವೂ

ಧೈರ್ಯ ಎನ್ನುವುದು ಮನೆಯ ಮೂಲೆಯಲ್ಲಿ ನಿಲ್ಲಿಸಿದ ಹಳೆಯ ಕೊಡೆಯಂಥದು. ಬಿಚ್ಚಿ ನೋಡುವ ತನಕ ನಮ್ಮ ಹತ್ತಿರವೂ ಒಂದು ಇದೆ ಎಂಬ ನೆಮ್ಮದಿಯಲ್ಲಿ ಬದುಕಬಹುದು. ನಾನು ಐವತ್ತೆರಡು ವರ್ಷ ಹಾಗೆಯೇ ಬದುಕಿದೆ. ಅದಕ್ಕೆ ನನ್ನ ನೌಕರಿಯೂ ಕಾರಣ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಬೆಂಕಿ ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕಾರ್ಮಿಕರಿಗೆ ಹೇಳಿಕೊಡುವುದು ನನ್ನ ಕೆಲಸ. ಓಡಬೇಡಿ, ಕೂಗಬೇಡಿ, ಸಾಮಾನು ಹೊತ್ತುಕೊಳ್ಳಬೇಡಿ, ಇವು ನನ್ನ ಮೂರು ಸೂತ್ರಗಳು. ಕಳೆದ ದೀಪಾವಳಿಗೆ ಹತ್ತು ದಿನ ಇರುವಾಗ, ಖಾನಾಪುರದ ಒಂದು ಬೇಕರಿಯಲ್ಲಿ ಸಣ್ಣ ಬೆಂಕಿ ಬಿತ್ತು. ನಾನು ಕೂಗುತ್ತ, ಓಡುತ್ತ, ಒಂದು ಡಬ್ಬಿ ಹೊತ್ತುಕೊಂಡು ರಸ್ತೆ ದಾಟಿದೆ. ಡಬ್ಬಿ ನಮ್ಮದಾಗಿರಲಿಲ್ಲ. ಅದನ್ನಾದರೂ ಕ್ಷಮಿಸಬಹುದು. ನನ್ನ ಹೆಂಡತಿ ಸುನಂದಾ ಆಗ ಒಳಗೇ ಇದ್ದಳು. ಆ ಮೇಲಿನ ಒಂದು ವಾರ ಅವಳು ನನ್ನ ಓಟದ ಬಗ್ಗೆ ಒಂದೇ ಒಂದು ಮಾತು ಆಡಲಿಲ್ಲ. ಬೆಂಕಿಗಿಂತ ಹೆಚ್ಚು ನನ್ನನ್ನು ಸುಟ್ಟದ್ದು ಆ ವಾರ.

ಹಿಟ್ಟು, ಸಕ್ಕರೆ, ತುಪ್ಪ ಹೊತ್ತುಕೊಂಡು ಬೇಕರಿಗೆ ಯಾಕೆ ಹೋಗಬೇಕಿತ್ತು ಎಂದು ಈಗಿನವರು ಕೇಳಬಹುದು. ನಮ್ಮ ಕಡೆ ಒಂದು ಪದ್ಧತಿ ಇತ್ತು. ದೀಪಾವಳಿ ಹತ್ತಿರ ಬಂದರೆ ಬೇಕರಿಯವರು ತಮ್ಮ ಬ್ರೆಡ್ಡು ಬಿಸ್ಕೀಟು ಬದಿಗಿಟ್ಟು, ಓಣಿಯ ಹೆಂಗಸರಿಗೆ ಭಟ್ಟಿ ಬಿಟ್ಟುಕೊಡುತ್ತಿದ್ದರು. ಅವರವರ ಸಾಮಾನು ಅವರವರೇ ತರಬೇಕು, ಅಲ್ಲಿಯೇ ಕುಳಿತು ಕಲಸಬೇಕು, ನಾನಕಟಾಯಿ ಎಂಬ ತುಪ್ಪದ ಬಿಸ್ಕೀಟು ತಟ್ಟಿ ತಗಡಿನ ಮೇಲೆ ಇಡಬೇಕು. ಬೇಕರಿಯವನು ಬೇಯಿಸಿ ಕೊಡುತ್ತಿದ್ದ. ಬೆಳಗಾವಿಯೊಳಗಿನ ಶಹಾಪುರದ ನಮ್ಮ ಓಣಿಯ ಬೇಕರಿಗೆ ಅವ್ವ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಹತ್ತು ಮನೆಯ ನಾನಕಟಾಯಿ ಒಂದೇ ಭಟ್ಟಿಯಲ್ಲಿ ಬೇಯುವುದರಿಂದ ಯಾರದು ಯಾವುದು ಎಂದು ತಿಳಿಯಲು ಪ್ರತಿ ಮನೆಗೂ ಒಂದು ಗುರುತು. ಒಬ್ಬರು ಚಾರೋಳಿ ಬೀಜ ಒತ್ತಿದರೆ ಇನ್ನೊಬ್ಬರು ಬೀಗದ ಕೈಯ ತುದಿ ಒತ್ತುತ್ತಿದ್ದರು. ಅವ್ವ ಹೊಲಿಗೆ ಮಾಡುತ್ತಿದ್ದವಳು, ಅವಳದು ಅಂಗಿಯ ಗುಂಡಿ. ನಮ್ಮ ನಾನಕಟಾಯಿಯ ನಡುವೆ ನಾಲ್ಕು ತೂತು. ಅವನ್ನು ತಿನ್ನುವಾಗ ಅಂಗಿ ತಿಂದಂತಾಗುತ್ತದೆ ಎಂದು ಗೆಳೆಯರು ನಗುತ್ತಿದ್ದರು. ಆದರೆ ನಗುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದರು. ನಮ್ಮ ಸರದಿ ಬರುವ ತನಕ ಅತ್ತೆಯರು ಸೊಸೆಯಂದಿರ ಬಗ್ಗೆ, ಅವರು ಎದ್ದು ಹೋದ ಮೇಲೆ ಸೊಸೆಯಂದಿರು ಅವರ ಬಗ್ಗೆ ಮಾತಾಡುತ್ತಿದ್ದರು. ಏಲಕ್ಕಿ ಬೆರೆತ ಬಿಸಿ ಗಾಳಿ ಭಟ್ಟಿಯ ಬಾಯಿಂದ ಬಂದು ಮುಖಕ್ಕೆ ಬಡಿಯುತ್ತಿತ್ತು. ಆಗಿನಿಂದಲೂ ನನ್ನ ಮಟ್ಟಿಗೆ ಹಬ್ಬ ಎಂದರೆ ಪಟಾಕಿಯಲ್ಲ, ಆ ಗಾಳಿ.

ಈಗ ಬೆಳಗಾವಿಯ ಬೇಕರಿಗಳಲ್ಲಿ ಭಟ್ಟಿ ಹುಡುಕಿಕೊಂಡು ಹೋದರೆ ಕರೆಂಟಿನ ಪೆಟ್ಟಿಗೆ ತೋರಿಸುತ್ತಾರೆ. ಹಿಂದೊಮ್ಮೆ ಒಂದು ಬೇಕರಿಯಲ್ಲಿ "ನಮ್ಮ ಹಿಟ್ಟು ಬೇಯಿಸಿ ಕೊಡತೀರೇನ್ರಿ?" ಎಂದು ಕೇಳಿದ್ದಕ್ಕೆ ಅಲ್ಲಿದ್ದವನು, "ರೆಡಿ ಐತಲ್ರಿ, ಒಯ್ರಿ. ಮನ್ಯಾಗ ಮಾಡೇವಿ ಅಂತ ಹೇಳ್ರಿ" ಎಂದು ಬುದ್ಧಿ ಹೇಳಿದ. ಹಾಗೆಂದು ಊರಿನ ಅಂಗಡಿಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ನಾನು ಇವತ್ತಿಗೂ ಕುಂದಾ ತರಲು ಹೋದರೆ, ಎಲೆಯ ಚೂರಿನ ಮೇಲೆ ರುಚಿಗೆಂದು ಒಂದಿಷ್ಟು ಕೊಟ್ಟು ನನ್ನ ಮುಖವನ್ನೇ ನೋಡುತ್ತ ನಿಲ್ಲುವ ಒಬ್ಬ ಮುದುಕ ಇದ್ದಾನೆ. ನಾನು ತಲೆ ಆಡಿಸದಿದ್ದರೆ ಕಟ್ಟಿಕೊಡುವುದಿಲ್ಲ. ದೊಡ್ಡ ಅಂಗಡಿಯಲ್ಲಿ ನಾವು ಸಾಮಾನು ನೋಡುತ್ತೇವೆ. ಸಣ್ಣ ಅಂಗಡಿಯಲ್ಲಿ ಅಂಗಡಿಯವನು ನಮ್ಮನ್ನು ನೋಡುತ್ತಾನೆ. ನನಗೆ ಈ ನೋಡಿಸಿಕೊಳ್ಳುವ ಚಟ ಬಿಟ್ಟಿಲ್ಲ.

ಸುನಂದಾಳ ತವರು ಖಾನಾಪುರ. ಅಲ್ಲಿ ಕಟ್ಟಿಗೆಯ ಭಟ್ಟಿ ಇರುವ ಒಂದು ಹಳೆಯ ಬೇಕರಿ ಇನ್ನೂ ಉಳಿದಿದೆ. ಅದನ್ನು ನಡೆಸುವ ದತ್ತೂಕಾಕಾ ಅವಳು ಲಂಗ ಹಾಕುತ್ತಿದ್ದಾಗಿನಿಂದ ಅವಳನ್ನು ಬಲ್ಲವರು. ಹೀಗಾಗಿ ಪ್ರತಿ ವರ್ಷ ದೀಪಾವಳಿಗೆ ಮುಂಚೆ ಒಂದು ರವಿವಾರ ನಮ್ಮ ಸವಾರಿ ಆ ಕಡೆ. ದಾರಿಯಲ್ಲಿ, ಹೊಲದ ಅಂಚಿಗೆ ತಗಡು ಹೊದಿಸಿಕೊಂಡು ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ಅಂಗಡಿ ಇದೆ. ತಮ್ಮ ಗದ್ದೆಯ ಕೆಂಪಕ್ಕಿ, ತಮ್ಮ ಎಮ್ಮೆಯ ತುಪ್ಪ, ಕಣಕುಂಬಿ ಕಾಡಿನ ಕಡೆಯಿಂದ ಬಂದ ಜೇನು, ಇಷ್ಟೇ ಸಾಮಾನು. ತುಪ್ಪ ಕೇಳಿದರೆ ಆ ಹೆಣ್ಣುಮಗಳು ಮೊದಲು ವಿಚಾರಣೆ ನಡೆಸುತ್ತಾಳೆ. ಬೆಂಕಿ ಬಿದ್ದ ಆ ರವಿವಾರವೂ ನಡೆಸಿದಳು.

"ಯಾದಕ್ಕ ಬೇಕ್ರಿ?"

"ನಾನಕಟಾಯಿಗೆ."

"ಹಂಗಾರ ಇದು ಬ್ಯಾಡ್ರಿ, ಇದು ಅನ್ನಕ್ಕ. ಒಳಗ ಹರಳಗಟ್ಟಿದ್ದು ಐತಿ. ಯಾರು ಕಲಸಾವ್ರು?" ಎಂದು ನನ್ನನ್ನು ಅನುಮಾನದಿಂದ ನೋಡಿದಳು. ಸುನಂದಾ ಮುಂದೆ ಬಂದ ಮೇಲೆ, "ಇವ್ರೇನು? ಹಂಗಾರ ಕೊಡತೀನಿ ತಗೋರಿ" ಎಂದಳು. ಇಪ್ಪತ್ತು ವರ್ಷ ನೌಕರಿ ಮಾಡಿದವನಿಗೆ ಎರಡು ಕಿಲೋ ತುಪ್ಪದ ಅರ್ಹತೆ ಇರಲಿಲ್ಲ.

ಬೇಕರಿಯ ಹಿಂದಿನ ಕೋಣೆ ಇಕ್ಕಟ್ಟಾದದ್ದು, ಹಿಂದಿನ ರಸ್ತೆಗೆ ತೆರೆಯುವ ಒಂದೇ ಬಾಗಿಲು. ಗೋಡೆಗುಂಟ ಏಳೆಂಟು ಹೆಂಗಸರು ಪರಾತ ಎಂಬ ಅಗಲ ತಾಟುಗಳನ್ನು ಮುಂದಿಟ್ಟುಕೊಂಡು ಹಿಟ್ಟು ನಾದುತ್ತಿದ್ದರು. ಭಟ್ಟಿ ಕಾದ ಮೇಲೆ ಒಳಗಿನ ಕೆಂಡವನ್ನು ಮುಂದಿನ ತಗ್ಗಿಗೆ ಎಳೆದು, ಆಮೇಲೆ ತಗಡುಗಳನ್ನು ಒಳಗೆ ತಳ್ಳುವುದು ಅಲ್ಲಿಯ ಕ್ರಮ. ಆ ತಗ್ಗಿನ ಮೇಲಿನ ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಎಲ್ಲರ ತುಪ್ಪದ ಡಬ್ಬಿಗಳು.

"ಬರ್ರಿ ಅಳ್ಯಾರ, ಬರ್ರಿ. ಸುನಂದಾ, ನಿಂದು ನಾಕನೇ ನಂಬರ್ ನೋಡವಾ" ಎಂದರು ದತ್ತೂಕಾಕಾ.

ನನ್ನೊಳಗಿನ ಅಧಿಕಾರಿ ಸುಮ್ಮನಿರಲಿಲ್ಲ. "ಕಾಕಾ, ಕೆಂಡದ ಮ್ಯಾಲ ಹಿಂಗ ಡಬ್ಬಿ ಇಡಬಾರದ್ರಿ. ಇದು ಅಪಾಯ" ಎಂದೆ.

ಕಾಕಾ ನಕ್ಕರು. "ಅಳ್ಯಾರ, ನಮ್ಮ ಅಜ್ಜಾನ ಕಾಲದಿಂದ ಈ ಬೆಂಕಿ ನಮ್ಮ ಮನ್ಯಾಗ ಐತಿ. ಮನಿ ಮಗಳಿದ್ದಂಗ. ಎಂದೂ ಹೊಸ್ತಿಲಾ ದಾಟಿಲ್ಲ."

ಅರ್ಧ ತಾಸಿನಲ್ಲಿ ಮಗಳು ಹೊಸ್ತಿಲು ದಾಟಿದಳು.

ಯಾರದೋ ಮೊಳಕೈ ತಾಗಿತು. ನನ್ನದಲ್ಲ ಎಂದು ನಾನು ನಂಬಿದ್ದೇನೆ. ಹಲಗೆಯ ಮೇಲಿಂದ ಒಂದು ಡಬ್ಬಿ ಉರುಳಿತು, ತುಪ್ಪ ಕೆಂಡದ ಮೇಲೆ ಸುರಿಯಿತು, ಭುಗ್ ಎಂದು ಉರಿ ಆಳೆತ್ತರಕ್ಕೆ ಎದ್ದಿತು. ಆ 'ಭುಗ್' ಈಗಲೂ ನನ್ನ ಕಿವಿಯಲ್ಲಿದೆ. ಮನೆಯಲ್ಲಿ ಗ್ಯಾಸ್ ಹತ್ತಿಸಿದರೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಬಾಜೂಕ್ಕೆ ತೂಗುಹಾಕಿದ್ದ ಗೋಣಿಚೀಲಕ್ಕೂ ಉರಿ ಹತ್ತಿತು. ಮುಂದಿನದು ನನಗೆ ತುಂಡುತುಂಡಾಗಿ ಮಾತ್ರ ನೆನಪಿದೆ. "ಬೆಂಕಿ! ಬೆಂಕಿ!" ಎಂದು ಯಾರೋ ಕಿರುಚಿದರು, ಆ ದನಿ ನನ್ನದು. ಯಾರೋ ಓಡಿದರು, ಆ ಕಾಲುಗಳೂ ನನ್ನವು. ರಸ್ತೆಯ ಆಚೆ ಬದಿಗೆ ಬಂದು ನಿಂತಾಗ ನನ್ನ ತೋಳಿನಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು, ಬಗಲಲ್ಲಿ ಹೆಂಡತಿ ಇರಲಿಲ್ಲ.

ತಿರುಗಿ ನೋಡಿದೆ. ಬಾಗಿಲಿನ ಚೌಕಟ್ಟಿನೊಳಗೆ ಎಲ್ಲವೂ ಕಾಣುತ್ತಿತ್ತು. ಕಾಕಾ ಗೋಣಿಚೀಲ ಎಳೆದು ನೆಲಕ್ಕೆ ಹಾಕಿ ತುಳಿಯುತ್ತಿದ್ದರು. ಒಬ್ಬ ಹೆಂಗಸು ನೀರಿನ ಕೊಡ ಎತ್ತಿದಳು. ಉರಿಯುವ ತುಪ್ಪದ ಮೇಲೆ ನೀರು ಬಿದ್ದರೆ ಏನಾಗುತ್ತದೆಂದು ಅಲ್ಲಿ ನನ್ನಷ್ಟು ಬಲ್ಲವರು ಯಾರಿದ್ದರು? ಸಿಡಿಯುತ್ತದೆ, ಇಕ್ಕಟ್ಟಿನ ಕೋಣೆಯಲ್ಲಿ ಎಲ್ಲರ ಮುಖದ ಮೇಲೆ ಬೆಂಕಿಯ ಮಳೆಯಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಇದರ ಚಿತ್ರ ತೋರಿಸುವವನು ನಾನು. 'ಬೇಡ' ಎನ್ನಬೇಕಿತ್ತು, ಅಷ್ಟೇ. ಕೂಗಬಾರದಾಗ ಕೂಗಿದ್ದ ಗಂಟಲು ಈಗ ಕೆಲಸ ಬಿಟ್ಟಿತ್ತು. ಒಳಗೆ ಹೋಗು ಎಂದು ಮನಸ್ಸು ಹೇಳಿತು. ಕಾಲು ಕೇಳಲಿಲ್ಲ.

ಸುನಂದಾ ಆ ಹೆಂಗಸಿನ ಮುಂಗೈ ಹಿಡಿದಳು. "ನೀರು ಹಾಕಬ್ಯಾಡ್ರಿ! ತುಪ್ಪ ಐತಿ!" ಎಂದವಳೇ ತನ್ನ ಪರಾತವನ್ನು, ನಾದಿ ಮುಗಿಸಿದ ಅಷ್ಟೂ ಹಿಟ್ಟಿನ ಸಮೇತ, ಕೆಂಡದ ತಗ್ಗಿನ ಮೇಲೆ ಬೋರಲು ಹಾಕಿದಳು. ಉರಿ ಅಂಚಿನಿಂದ ಎರಡು ಸಲ ನಾಲಿಗೆ ಚಾಚಿತು. ಆಮೇಲೆ ಹೊಗೆ. ಆಮೇಲೆ ಏನೂ ಇಲ್ಲ.

ಎಷ್ಟೋ ಮುಂಜಾನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ನನ್ನ ಭಾಷಣದ ತಾಲೀಮು ಮಾಡುವಾಗ ಅವಳು ನನ್ನ ಕಡೆ ನೋಡದೆ ರೊಟ್ಟಿ ಬಡಿಯುತ್ತಿದ್ದಳು. ಕೇಳಿಸಿಕೊಳ್ಳುತ್ತಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಇಷ್ಟರಲ್ಲಿ ಯಾರೋ ಹಿಂದಿನಿಂದ ನನ್ನ ಕಾಲರ್ ಹಿಡಿದರು. ನೋಡಿದರೆ ಒಬ್ಬ ಅಜ್ಜಿ. ಬೀಡಿ ಎಂಬ ಹಳ್ಳಿಯಿಂದ ಬಸ್ಸು ಹತ್ತಿ ಬಂದವಳು. ನನ್ನ ಹಿಂದೆಯೇ ಓಡಿ ಬಂದಿದ್ದಳು. ಬೆಂಕಿಗೆ ಹೆದರಿ ಓಡಿದ್ದಾಳೆ ಎಂದುಕೊಂಡೆ. ಅಲ್ಲ.

"ಏ ಕಳ್ಳಾ! ಬೆಂಕಿ ಹತ್ತಿದ್ದು ನೋಡಿ ಕಳವು ಮಾಡತೀಯಲ್ಲೋ, ಪ್ಯಾಂಟ್ ಹಾಕ್ಕೊಂಡು!"

"ಅಜ್ಜಿ, ಬೆಂಕಿ ಬಿದ್ದೈತ್ರಿ ಅಲ್ಲಿ..."

"ಬೆಂಕಿ ಅಲ್ಲಿ ಐತಿ. ನನ್ನ ಡಬ್ಬಿ ಇಲ್ಲಿಗ್ಯಾಕ ಬಂತು?"

ನಾನು ಎರಡೂ ಕೈಯಿಂದ ಡಬ್ಬಿ ಒಪ್ಪಿಸಿದೆ. ಅಜ್ಜಿ ಮುಚ್ಚಳ ತೆಗೆದು ನಾನಕಟಾಯಿಗಳನ್ನು ಎಣಿಸಿ ನೋಡಿ, ನನ್ನ ಕಿಸೆಗಳ ಕಡೆಯೂ ಒಮ್ಮೆ ಕಣ್ಣು ಹಾಯಿಸಿ ನನ್ನನ್ನು ಬಿಟ್ಟಳು.

ಸ್ವಲ್ಪ ಹೊತ್ತಿಗೆ ಸುನಂದಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಎಲ್ಲಾ ಆರಾಮ ಅದಾರ್ರೀ. ನಮ್ಮ ಹಿಟ್ಟು ಹೋತು ನೋಡ್ರಿ" ಎಂದಳು. ಖಾಲಿ ಡಬ್ಬಿಯೊಂದಿಗೆ ಬೆಳಗಾವಿಗೆ ಮರಳಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ಗದ್ದೆ ನೋಡುತ್ತಿದ್ದಳು. ನಾನು ಅವಳ ಬಳೆಗಂಟಿದ ಮಸಿಯನ್ನು.

ಆ ವಾರ ಅವಳು ಈ ಕತೆಯನ್ನು ಅಕ್ಕನಿಗೆ, ತಂಗಿಗೆ, ನೆರೆಮನೆಯವರಿಗೆ, ಹಾಲಿನವನಿಗೆ ಹೇಳಿದಳು. ನಾನು ಪ್ರತಿ ಸಲವೂ ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದುಕೊಂಡು, ನನ್ನ ಪಾತ್ರ ಬರುವುದನ್ನು ಕಾಯುತ್ತಿದ್ದೆ. ನನ್ನ ಪಾತ್ರಕ್ಕೆ ಒಂದೇ ಮಾತು: "ಹೂಂ, ಇವ್ರೂ ಇದ್ರವಾ ಅಲ್ಲೇ." ಇದ್ರು ಎಂದರೆ ಎಲ್ಲಿ? ಇವಳು ನೋಡಿಲ್ಲವೋ, ನೋಡಿಯೂ ಮರ್ಯಾದೆ ಕಾಯುತ್ತಿದ್ದಾಳೋ, ಅಥವಾ ಆಡಿಕೊಳ್ಳಲೂ ಯೋಗ್ಯನಲ್ಲ ಎಂದು ನನ್ನ ಲೆಕ್ಕವನ್ನೇ ಬಿಟ್ಟಿದ್ದಾಳೋ? ಬಯ್ದಿದ್ದರೆ ಬದುಕುತ್ತಿದ್ದೆ. ಬುಧವಾರ ಫೌಂಡ್ರಿಯಲ್ಲಿ ಎಂದಿನ ತರಗತಿ. ಒಬ್ಬ ಹಳೆಯ ಕಾರ್ಮಿಕ ಎದ್ದು ನಿಂತು, "ಸಾಹೇಬ್ರ, ಖರೇನ ಬೆಂಕಿ ಬಿದ್ರ ಓಡದಂಗ ನಿಂದ್ರಾಕ ಆಗತೈತೇನ್ರಿ?" ಎಂದು ಕೇಳಿದ. ಎರಡು ದಶಕಗಳಿಂದ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ಅಂದು ಮಾತ್ರ ನೀರು ಕುಡಿದೆ.

ಶನಿವಾರ ಸಂಜೆ ಸುನಂದಾ ಮತ್ತೆ ಮೈದಾ ಸೋಸುತ್ತ ಕುಳಿತಿದ್ದಳು. ತಡೆಯಲಾಗಲಿಲ್ಲ.

"ಅವತ್ತ ನಾ ಹೊರಗ ಓಡಿದ್ದು ನೀ ನೋಡಿದೇನು?"

"ನೋಡಿದ್ನಿ."

"ಮತ್ತ ಒಂದ ಮಾತೂ ಅನ್ನಲಿಲ್ಲ?"

ಅವಳು ಜರಡಿ ನಿಲ್ಲಿಸಲಿಲ್ಲ. "ಏನ ಅನ್ನೂದ್ರೀ? ಉರಿ ಎದ್ದ ಕೂಡಲೆ ಮೊದಲ ನಿಮ್ಮನ್ನ ನೋಡಿದ್ನಿ. ಹೊರಗ ಇದ್ರಿ. ಒಂದ ಚಿಂತಿ ಕಡಿಮಿ ಆತು. ಆಮ್ಯಾಲ ಬೆಂಕಿ ನೋಡಿದ್ನಿ."

ಆಳೆತ್ತರದ ಉರಿಯ ಮುಂದೆ ನಿಂತು ಮೊದಲು ನನ್ನನ್ನು ಹುಡುಕಿದವಳು ಇವಳು. ನಾನು ಅವಳನ್ನು ಹುಡುಕಿದ್ದು ರಸ್ತೆ ದಾಟಿದ ಮೇಲೆ. ಕಣ್ಣು ಸ್ವಲ್ಪ ಒದ್ದೆಯಾಯಿತು. ಅವಳು ಹಿಟ್ಟು ಸೋಸುತ್ತಲೇ, "ಒಳಗ ಇದ್ದಿದ್ರ ಭಾಷಣ ಶುರು ಮಾಡತಿದ್ರಿ" ಎಂದಳು. ವಾರದ ಮೇಲೆ ಮೊದಲ ಸಲ ಇಬ್ಬರೂ ನಕ್ಕೆವು. ಅವಳು ಸ್ವಲ್ಪ ಜಾಸ್ತಿ ನಕ್ಕಳು.

ಮರುದಿನ ಮತ್ತೆ ಖಾನಾಪುರಕ್ಕೆ ಹೋದೆವು. ಈ ಸಲ ಹೇಗಾದರೂ ಅವಳ ಬಗಲಲ್ಲೇ ನಿಲ್ಲುವುದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ. ತುಪ್ಪದ ಡಬ್ಬಿಗಳು ಎದುರಿನ ಗೋಡೆಯ ಕಡೆಗೆ ಹೋಗಿದ್ದವು. ದತ್ತೂಕಾಕಾ ನನ್ನನ್ನು ಕಂಡವರೇ ಒಳಗಿನಿಂದ ಒಂದು ಕುರ್ಚಿ ತಂದು, ಹೊಸ್ತಿಲಿನ ಹೊರಗೆ, ರಸ್ತೆಗೆ ಮುಖ ಮಾಡಿ ಹಾಕಿದರು. ಪಂಚೆಯ ಅಂಚಿನಿಂದ ಅದರ ಧೂಳನ್ನೂ ಒರೆಸಿದರು.

"ಕುಂದರ್ರಿ ಅಳ್ಯಾರ. ಇಲ್ಲೆ ಗಾಳಿ ಛಲೋ ಬರತೈತಿ."

ಅವರ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ಊರ ಅಳಿಯನಿಗೆ ಸಲ್ಲಬೇಕಾದ ಪೂರ್ಣ ಮರ್ಯಾದೆ ಇತ್ತು. ನಾನು ಸುನಂದಾಳ ಕಡೆ ನೋಡಿದೆ. ಅವಳು "ಕುಂದರ್ರಿ" ಎಂಬಂತೆ ಗೋಣು ಹಾಕಿ, ಪರಾತ ಎತ್ತಿಕೊಂಡು ಒಳಗೆ ಹೋದಳು. ನಾನು ಒಂದು ನಿಮಿಷ ಸ್ವಾಭಿಮಾನದಿಂದ ನಿಂತೆ. ಆಮೇಲೆ ಕುಳಿತೆ. ಸುಳ್ಳು ಯಾಕೆ ಹೇಳಲಿ, ಗಾಳಿ ನಿಜಕ್ಕೂ ಚೆನ್ನಾಗಿಯೇ ಬರುತ್ತಿತ್ತು.